ಅರ್ಧ ಹಾಡಿನ ಪಾರೀಸಣ್ಣ

"ಪಾರೀಸಣ್ಣನ ಮನ್ಯಾಗ ಹೆಂಗಸು ಕೇಳತಾಳ, ಗಂಡಸು ಉತ್ತರಾ ಕೊಡೂದಿಲ್ಲ."

ಗಡಿಯಾಚೆ ಮಹಾರಾಷ್ಟ್ರದಲ್ಲಿ, ಮಗ್ಗಗಳ ಊರಾದ ಇಚಲಕರಂಜಿಯ ಆ ಗಲ್ಲಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಇದು. ಹೊಸದಾಗಿ ಬಾಡಿಗೆಗೆ ಬಂದವರು ಇದನ್ನು ಕೇಳಿ, ಪಾಪ, ಗಂಡ ಹೆಂಡತಿಗೆ ಮಾತು ಬಿಟ್ಟಿದೆಯೇನೋ ಅಂದುಕೊಳ್ಳುತ್ತಿದ್ದರು. ಆಗ ಪಕ್ಕದ ಮನೆಯ ಅಕ್ಕವ್ವ ಅಕ್ಕಿ ಹಸನು ಮಾಡುತ್ತಿದ್ದ ಮೊರ ಹಿಡಿದುಕೊಂಡೇ ಹೊರಗೆ ಬಂದು ಬಿಡಿಸಿ ಹೇಳುವಳು: "ಅಲ್ರಿ, ಅವರಿಬ್ಬರೂ ಛಲೋ ಅದಾರ. ಇದು ಹಾಡಿನ ಮಾತು. ಆ ಹಾಡಿನ್ಯಾಗಿನ ಗಂಡಸು ಗಡಹಿಂಗ್ಲಜದಾಗ ಅದಾನ."

ಇದನ್ನು ಕೇಳಿದವರಿಗೆ ಇದ್ದ ತಿಳಿವೂ ಹೋಗುತ್ತಿತ್ತು. ಅದಕ್ಕೇ ಮೊದಲಿನಿಂದ ಹೇಳಿಬಿಡುವುದು ಒಳ್ಳೆಯದು.

ಪಾರೀಸಣ್ಣ ಜಾಬರ. ಅಂದರೆ ವಿದ್ಯುತ್ ಮಗ್ಗ ಕೆಟ್ಟಾಗ ಮಾಲೀಕರು ಕರೆಸುವ ಮನುಷ್ಯ. ನೆರೆಯೂರು ಯಡ್ರಾವದವರೆಗೂ ಅವನಿಗೆ ಕರೆ ಬರುತ್ತಿತ್ತು. ಬಂದವನು ಮೊದಲು ಪಾನಾ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲುವನು. ಒಳಗೆ ಇಪ್ಪತ್ತನಾಲ್ಕು ಮಗ್ಗಗಳು ಒಟ್ಟಿಗೆ ಬಡಿಯುತ್ತಿರುತ್ತಿದ್ದವು. ಪಕ್ಕದಲ್ಲಿ ನಿಂತವನ ಕೂಗೂ ಕೇಳಿಸದು. ಅಷ್ಟರಲ್ಲೇ, "ಆ ಮೂಲ್ಯಾಗಿನ ಮೂರನೇದು. ಲಾಳಿ ಬಲಕ್ಕ ಬಡಿಯಾಕತ್ತೇತಿ" ಅನ್ನುವನು. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು.

ಇಂಥ ಕಿವಿಯ ಮನುಷ್ಯನಿಗೆ ಮನೆಯಲ್ಲಿದ್ದ ಆಸ್ತಿಯೆಂದರೆ ಒಂದು ಹಳೆಯ ಸ್ಪೀಕರ್ ಪೆಟ್ಟಿಗೆ. ಒಂದೇ.

ಮೂಲದಲ್ಲಿ ಎರಡಿದ್ದವು. ಅವನ ತಂದೆ ಬಸಗೊಂಡ ಪಾಟೀಲರಿಗೆ ನಾಲ್ಕು ಮಗ್ಗಗಳಿದ್ದವು, ಅದರ ಜೊತೆಗೆ ಹಾಡಿನ ಹುಚ್ಚು. ಪಾರೀಸಣ್ಣನಿಗೆ ಇಪ್ಪತ್ತೆರಡು ವರ್ಷವಿದ್ದಾಗ ಅವರು ಮುಂಬೈಯಿಂದ ಸ್ಟೀರಿಯೋ ತರಿಸಿದರು: ಹಾಡಿನ ತಟ್ಟೆ ತಿರುಗಿಸುವ ಮಷಿನು, ಗುಂಡಿಗಳಿರುವ ಆಂಪ್ಲಿಫಾಯರು, ಮತ್ತು ಮೊಣಕಾಲೆತ್ತರದ ಎರಡು ಸಾಗವಾನಿ ಪೆಟ್ಟಿಗೆ. ಆಗಿನ ಕಾಲದ ಪೆಟ್ಟಿಗೆಗಳವು. ಈಗಿನವುಗಳಂತೆ ಎದೆಗೆ ಗುದ್ದುವುದಿಲ್ಲ. ಒಳಗಿನ ಕಾಗದದ ಕೋನು ಊಟದ ತಟ್ಟೆಯಷ್ಟು ಅಗಲ. ಹಾಡುವವರು ಉಸಿರು ಎಳೆದುಕೊಂಡದ್ದು, ಹಾರ್ಮೋನಿಯಂ ನುಡಿಸುವವನ ಬೆರಳು ಮರದ ಮೇಲೆ ಟಕ್ ಎಂದದ್ದು, ಎಲ್ಲ ಬರುತ್ತಿತ್ತು. ದನಿ ಮರದೊಳಗಿಂದ ಬೆಚ್ಚಗಾಗಿ ಹೊರಗೆ ಬರುವುದು, ಬಿಸಿಲಿಗೆ ಹಾಕಿ ತೆಗೆದ ರಗ್ಗಿನ ಹಾಗೆ.

ಮುಂದಿನ ಬಟ್ಟೆ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಯಿತು. ಹೊಸದು ತರುವ ಬದಲು ಬಸಗೊಂಡರು ಮಗನಿಗೆ, "ನೀನ ನೇದು ಕೊಡು. ದನಿ ಹಾದು ಬರೂವಂಗ ವಿರಳ ಇರಲಿ" ಅಂದರು. ಪಾರೀಸಣ್ಣ ಕಂದು ನೂಲಿನಲ್ಲಿ ನೇಯ್ದ. ನಡುವೆ ಒಂದು ಕಡೆ ಹೊಕ್ಕಿನ ಎಳೆ ತಪ್ಪಿ, ಬಟ್ಟೆಯ ಅಗಲಕ್ಕೂ ಕೂದಲಿನಂಥ ಒಂದು ಗೆರೆ ಉಳಿಯಿತು. ಅದೇ ಬಟ್ಟೆಯನ್ನು ಎರಡು ತುಂಡು ಮಾಡಿ ಎರಡೂ ಪೆಟ್ಟಿಗೆಗೆ ಹೊದಿಸಿದಾಗ ಗೆರೆ ಎರಡರಲ್ಲೂ ಒಂದೇ ಎತ್ತರಕ್ಕೆ ಬಂತು. ಮಗ ನಾಚಿಕೊಂಡು ಬಿಚ್ಚಲು ಹೋದರೆ ತಂದೆ ಬಿಡಲಿಲ್ಲ. "ಇರಲಿ ಬಿಡೋ. ಅದ ನಿನ್ನ ಸಹಿ."

ಮನೆಯಲ್ಲಿ ಎಲ್ಲರಿಗೂ ಮೆಚ್ಚಿನ ತಟ್ಟೆ ಒಂದಿತ್ತು. ಮರಾಠಿ ಯುಗಳ ಗೀತೆ. ಸ್ಟೀರಿಯೋ ಹೊಸದಾಗಿದ್ದ ಕಾಲ, ಮುದ್ರಿಸಿದವರಿಗೂ ಅದೊಂದು ಉಮೇದು: ಗಂಡಸಿನ ದನಿಯನ್ನು ಪೂರ್ತಿ ಎಡಪೆಟ್ಟಿಗೆಗೆ ಹಾಕಿದ್ದರು, ಹೆಂಗಸಿನದನ್ನು ಪೂರ್ತಿ ಬಲಪೆಟ್ಟಿಗೆಗೆ. ಆಕೆ ಬಲದಿಂದ ಕೇಳುವಳು, ಅವನು ಎಡದಿಂದ ಉತ್ತರ ಕೊಡುವನು. ಪಾರೀಸಣ್ಣ ಮತ್ತು ತಮ್ಮ ಭರತೇಶ ನಡುವೆ ಚಾಪೆ ಹಾಸಿಕೊಂಡು ಕೂತು, ಚೆಂಡಾಟ ನೋಡುವವರ ಹಾಗೆ ತಲೆ ಆ ಕಡೆ ಈ ಕಡೆ ಹೊರಳಿಸುತ್ತಿದ್ದರು.

ಬಸಗೊಂಡರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಗೆ ಹಿಸೆಯಾಯಿತು, ಅಂದರೆ ಆಸ್ತಿ ಪಾಲಾಯಿತು. ಜಗಳವೇನೂ ಇರಲಿಲ್ಲ. ಭರತೇಶನಿಗೆ ಗಡಹಿಂಗ್ಲಜದಲ್ಲಿ ಭಾಂಡೆ ಅಂಗಡಿ, ಅಂದರೆ ಪಾತ್ರೆಯ ಅಂಗಡಿ, ಇಡುವ ಆಸೆ ಇತ್ತು, ಅಷ್ಟೇ. ನಡುವೆ ಕೂತವರು ಅವರ ಚಿಕ್ಕಪ್ಪ ದಾದಾಸಾಹೇಬ ಕಾಕಾ. ಅವರ ಹಿಸೆ ಎಂದರೆ ತಕ್ಕಡಿ ಹಿಡಿದಂತೆ ಎಂದು ಊರಿಗೆಲ್ಲ ಹೆಸರು. ಮನೆ ಬಾಡಿಗೆಯದು, ಹಂಚುವಂತಿರಲಿಲ್ಲ. ಮಗ್ಗ ನಾಲ್ಕು, ಎರಡೆರಡು. ಹಂಡೆ ಎರಡು, ಒಂದೊಂದು. ಪೆಟ್ಟಿಗೆಗಳ ಮುಂದೆ ಬಂದು ಕಾಕಾ ಒಂದು ಕ್ಷಣವೂ ನಿಲ್ಲಲಿಲ್ಲ.

"ಎರಡು ಪೆಟಗಿ, ಇಬ್ಬರು ಅಣ್ಣತಮ್ಮರು. ಇದಕ್ಕಿಂತ ಸರಳ ಹಿಸೆ ಎಲ್ಲೈತಿ? ಬಲಕಿಂದು ಪಾರೀಸಗ, ಎಡಕಿಂದು ಭರತೇಶಗ."

ಹಿರಿಯರ ಬಾಯಿಂದ ಬಂದ ಮಾತು. ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಇಬ್ಬರೂ ತಲೆಯಾಡಿಸಿದರು. ತಟ್ಟೆ, ಮಷಿನು, ಆಂಪ್ಲಿಫಾಯರು ಅಣ್ಣನ ಪಾಲಿಗೆ ಬಂದವು, ಕ್ಯಾಸೆಟ್ ಪ್ಲೇಯರು ತಮ್ಮನ ಪಾಲಿಗೆ. ಹೋಗುವ ಮುಂಚೆ ಭರತೇಶ ಆ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಹೋದ. ಅಂದಿನಿಂದ ಹೆಂಗಸು ಇಚಲಕರಂಜಿಯಲ್ಲಿ ಕೇಳತೊಡಗಿದಳು, ಗಂಡಸು ಗಡಹಿಂಗ್ಲಜದಲ್ಲಿ ಉತ್ತರಿಸತೊಡಗಿದ. ನಡುವೆ ಎರಡು ಬಸ್ಸು ಬದಲಿಸುವ ದಾರಿ, ಮತ್ತೆ ಮೂವತ್ತೊಂದು ವರ್ಷ.

ಇಚಲಕರಂಜಿಯಲ್ಲಿ ಹಾಡು ಕೇಳುವುದೇ ಒಂದು ಸಾಹಸ. ಗಲ್ಲಿಯ ಎರಡೂ ಕಡೆ ಮಗ್ಗ. ಗೋಡೆಗೆ ಕೈಯಿಟ್ಟರೆ ಗೋಡೆಯೂ ನೇಯುತ್ತಿರುತ್ತದೆ. ಕರೆಂಟ್ ಹೋದಾಗ ಮಗ್ಗಗಳು ನಿಂತು ಊರು ತಣ್ಣಗಾಗುತ್ತದೆ, ಆದರೆ ಕರೆಂಟಿಲ್ಲದೆ ಸ್ಟೀರಿಯೋ ಹಾಡದು. ಹೀಗಾಗಿ ಮಗ್ಗಕ್ಕೆ ರಜೆ ಇದ್ದು ಕರೆಂಟೂ ಇರುವ ಹಬ್ಬದ ದಿನಗಳು ಮಾತ್ರ ಪಾರೀಸಣ್ಣನವು. ದೀಪಾವಳಿಯ ಬೆಳಿಗ್ಗೆ ಬಸದಿಗೆ ಹೋಗಿ ಬಂದು, ತಟ್ಟೆ ಒರೆಸಿ ಮುಳ್ಳು ಇಡುವನು. ಹೆಂಗಸಿನ ದನಿ ಏಳುವುದು. ಆಮೇಲೆ ಗಂಡಸಿನ ಸರದಿ ಬಂದಾಗ ತಬಲಾ ಮಾತ್ರ ಸಣ್ಣಗೆ ನಡೆಯುತ್ತಿರುವುದು. ಪಾರೀಸಣ್ಣ ಕಣ್ಣು ಮುಚ್ಚಿ ಖಾಲಿ ಎಡಗಡೆಗೆ ತಲೆ ಹೊರಳಿಸುವನು.

ಒಂದು ಸಂಗತಿ ಹೇಳದೆ ಮುಂದೆ ಹೋದರೆ ಕಥೆ ನಿಲ್ಲುವುದಿಲ್ಲ. ಆಂಪ್ಲಿಫಾಯರಿನ ಮೇಲೆ ಮೋನೋ ಎಂಬ ಗುಂಡಿಯೊಂದಿತ್ತು. ಒತ್ತಿದರೆ ಎರಡೂ ಕಡೆಯ ದನಿ ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಜಾಬರನಿಗೆ ಅದು ತಿಳಿಯದ್ದೇನಲ್ಲ. ಆದರೆ ಅವನು ಒತ್ತುತ್ತಿರಲಿಲ್ಲ. ಒಂದು ದೀಪಾವಳಿಗೆ ಅವನು ಬಸದಿಯಲ್ಲಿದ್ದಾಗ ಹೆಂಡತಿ ಶಾಲನ ಒತ್ತಿ ಕೇಳಿದಳು. ಬಂದ ಮೇಲೆ ನಗುತ್ತ ಹೇಳಿದಳು ಕೂಡ.

ಪಾರೀಸಣ್ಣನ ಮುಖ ಸಣ್ಣದಾಯಿತು. "ಎಡಗಡೆ ದನಿ ಭರತ್ಯಾನ ಪಾಲು. ಕೊಡಲಾರದ ತಗೊಂಡ್ರ ಅದಕ್ಕ ಏನಂತಾರ? ಕೊಡಲಾರದ್ದು ಮುಟ್ಟೂದಿಲ್ಲ ಅಂತ ಅಣುವ್ರತಾ ತಗೊಂಡ ಮನಿ ನಮ್ಮದು."

"ಅಯ್ಯ ನನ ದೇವರ! ನಾ ಏನ್ ಭರತೇಶನ ಭಾಂಡೆ ಕದ್ದು ತಂದೇನ್ರಿ? ಒಂದ ಗಂಡಸಿನ ದನಿ ಕೇಳೀನಿ, ಅಷ್ಟ."

"ಹಂಗಾದ್ರ ಕೇಳಿ ತಗೋಬೇಕಿತ್ತು."

"ನೀವರೆ ಕೇಳ್ರಲಾ ಮತ್ತ! ವರ್ಷಾ ಭೆಟ್ಟಿ ಆಗತೀರಿ."

ಅದೇ ಆಗದ ಮಾತಾಗಿತ್ತು. ಅಣ್ಣ ಬಾಯಿಬಿಟ್ಟು ಕೇಳಿದರೆ ತಮ್ಮ ಇಲ್ಲ ಅನ್ನಲಾರ. ಇಲ್ಲ ಅನ್ನಲಾರದವನನ್ನು ಕೇಳುವುದೂ ಕಸಿದುಕೊಳ್ಳುವುದೂ ಒಂದೇ ಎಂದು ಪಾರೀಸಣ್ಣನ ಲೆಕ್ಕ. ಪ್ರತಿ ವರ್ಷ ಜೈನರ ಕ್ಷಮಾವಣಿಯ ದಿನ ಇಬ್ಬರೂ ಎದುರುಬದುರು ಕೈಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಕ್ಷಮಿಸು ಎಂದು ಕೇಳಿಕೊಳ್ಳುವರು. ಬೆಳೆ, ಮಳೆ, ಮಕ್ಕಳು, ಮಂಡಿನೋವು ಎಲ್ಲ ಮಾತಾಗುವುದು. ಪೆಟ್ಟಿಗೆಯ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ವರ್ಷಗಳು ಹೋದವು. ಮಗಳು ಹರ್ಷದಾ ಮದುವೆಯಾಗಿ ಜಯಸಿಂಗಪುರಕ್ಕೆ ಹೋದಳು. ಲಾಳಿಯ ಮಗ್ಗಗಳು, ಅವನ ಪಾಲಿನ ಎರಡೂ ಸೇರಿ, ಒಂದೊಂದಾಗಿ ಗುಜರಿಗೆ ಹೋಗಿ, ಲಾಳಿಯೇ ಇಲ್ಲದ ಹೊಸ ಮಗ್ಗಗಳು ಬಂದವು. ಪಾರೀಸಣ್ಣನ ಕೆಲಸವೂ ಕರಗಿತು. ಅದಕ್ಕವನು ಕೊರಗಲಿಲ್ಲ. ಕೊರಗಿದ್ದು ಇನ್ನೊಂದಕ್ಕೆ: ನಲವತ್ತು ವರ್ಷದ ಮಗ್ಗದ ಸದ್ದು ಅವನ ಎಡಗಿವಿಯನ್ನು ತಿನ್ನತೊಡಗಿತ್ತು. ಬಲಗಿವಿ ಗಟ್ಟಿ ಇದೆ, ಎಡದ್ದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಇನ್ನು ತಡವಾದರೆ ಆ ಗಂಡಸು ಎಡಗಡೆ ಬಂದು ನಿಂತು ಹಾಡಿದರೂ ತನಗೆ ಕೇಳಿಸುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಶಾಲನಳ ಮುಂದೆ ಒಮ್ಮೆ ಅಂದ: "ಒಂದ ಸಲಾ ಪೂರ್ತಿ ಹಾಡ ಕೇಳಿದ್ರ ಸಾಕಿತ್ತು ನೋಡು."

ಹೋದ ವರ್ಷ ಪೆಟ್ಟಿಗೆಯಲ್ಲಿ ಹೆಂಗಸಿನ ದನಿ ಗರಗರ ಎನ್ನತೊಡಗಿತು. ಬಟ್ಟೆ ಸರಿಸಿ ನೋಡಿದರೆ ಕೋನಿನ ಸುತ್ತಲಿನ ಫೋಮಿನ ಅಂಚು ಹಳೆಯ ರೊಟ್ಟಿಯಂತೆ ಉದುರುತ್ತಿತ್ತು. ಇಂಥ ಹಳೆಯ ಪೆಟ್ಟಿಗೆಗೆ ಅಂಚು ಕೂರಿಸುವವನು ಕೊಲ್ಹಾಪುರದ ಯುವರಾಜ ಎಂದು ಯಾರೋ ಹೇಳಿದರು. ಪಾರೀಸಣ್ಣ ಪೆಟ್ಟಿಗೆಯನ್ನು ರಗ್ಗಿನಲ್ಲಿ ಸುತ್ತಿ, ಪರೀಕ್ಷೆಗೆಂದು ಆ ತಟ್ಟೆಯನ್ನೂ ಹಿಡಿದು, ಶಾಲನಳ ಜೊತೆ ಬಸ್ಸು ಹತ್ತಿದ. ಸೀಟಿನ ಮೇಲೆ ಪೆಟ್ಟಿಗೆ ಕೂರಿಸಿದ್ದು ನೋಡಿ ಕಂಡಕ್ಟರ್ ಚೇಷ್ಟೆ ಮಾಡಿದ: "ಆಜೋಬಾ, ಪೇಟೀಚಂ ಪಣ ತಿಕೀಟ ಕಾಢಾ!" ಪೆಟ್ಟಿಗೆಗೂ ಟಿಕೆಟ್ಟು ತೆಗೆಸಬೇಕಂತೆ.

ಪಾರೀಸಣ್ಣ ನಗದೆ ಹೇಳಿದ: "ತೆಗಿಯಪಾ. ಆದ್ರ ಅರ್ಧಾ ತಿಕೀಟು. ಒಳಗಿರಾಕಿ ಹೆಂಗಸು."

ಹೆಂಗಸರಿಗೆ ಎಸ್‌ಟಿ ಬಸ್ಸಿನಲ್ಲಿ ಅರ್ಧ ಟಿಕೆಟ್ಟಲ್ಲವೇ. ಬಸ್ಸೆಲ್ಲ ನಕ್ಕಿತು, ಕಂಡಕ್ಟರ್ ಪೆಟ್ಟಿಗೆಗೆ ಕೈಮುಗಿದು ಮುಂದೆ ಹೋದ.

ಯುವರಾಜನ ಅಂಗಡಿ ತುಂಬ ಬಿಚ್ಚಿಟ್ಟ ರೇಡಿಯೋ, ಸುರುಳಿ ತಂತಿ. ತಾಯಿ ಗಡಹಿಂಗ್ಲಜದ ಕಡೆಯವಳಾದ್ದರಿಂದ ಅವನಿಗೆ ಕನ್ನಡವೂ ಬರುತ್ತಿತ್ತು. ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಕಾಕಾ, ಇದರ ಜೋಡೀದಾರ ಎಲ್ಲೈತ್ರಿ? ಒಂದಕ್ಕ ಹೊಸಾ ಅಂಚ ಹಾಕಿದ್ರ ಇನ್ನೊಂದಕ್ಕ ಹೊಂದೂದಿಲ್ಲ" ಎಂದ.

ಪಾರೀಸಣ್ಣ ಆಗಲೇ ಎದ್ದು ನಿಂತಿದ್ದ. ಅವನ ಕಣ್ಣು ಯುವರಾಜನ ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ, ಕೆಳಗಿನ ಹಲಗೆಯ ಮೇಲೆ, ರೇಡಿಯೋಗಳ ಸಂದಿಯಲ್ಲಿ, ಕಂದು ಬಟ್ಟೆಯ ಇನ್ನೊಂದು ಪೆಟ್ಟಿಗೆ. ಅವನು ಹೋಗಿ ಮಂಡಿಯೂರಿ, ಬಟ್ಟೆಯ ಮೇಲೆ ಬೆರಳಾಡಿಸಿದ. ಹೊಕ್ಕಿನ ಒಂದು ಎಳೆ ತಪ್ಪಿದ ಗೆರೆ. ತಾನು ತಂದ ಪೆಟ್ಟಿಗೆಯಲ್ಲಿ ಎಷ್ಟು ಎತ್ತರಕ್ಕಿತ್ತೋ ಅಷ್ಟೇ ಎತ್ತರಕ್ಕೆ.

"ಶಾಲನ, ಇಲ್ಲಿ ನೋಡ. ಇದು ನಾ ನೇದಿದ್ದು."

"ಅದಾ? ಗಡಹಿಂಗ್ಲಜದ ಭಾಂಡೆ ಅಂಗಡಿ ಮಾಮಾರು ಹದಿನೈದು ದಿನದ ಹಿಂದ ತಂದಿಟ್ಟಾರ" ಎಂದ ಯುವರಾಜ. "ಭಾಳ ಮಜಾದ ಮನಶ್ಯಾರಿ. ಮೋನೋ ಮಾಡಿ ಕೊಡತೇನಿ, ಎರಡೂ ದನಿ ಇದರಾಗ ಬರತಾವ ಅಂದೆ. ಬ್ಯಾಡಪಾ, ಬಲಗಡೆ ದನಿ ನಮ್ಮ ಅಣ್ಣಂದು ಅಂದ್ರು. ನಾ ನಗಬೇಕೋ ಅಳಬೇಕೋ ತಿಳೀಲಿಲ್ಲ."

ಶಾಲನ ಸೆರಗು ಬಾಯಿಗಿಟ್ಟುಕೊಂಡಳು. ನಕ್ಕಳೋ ಅತ್ತಳೋ ಅವಳಿಗೂ ಹೇಳಲಾಗದು. "ಒಬ್ಬ ಶ್ಯಾಣ್ಯಾ ಅದಾನ ಅಂತ ತಿಳದಿದ್ದೆ. ಇಬ್ಬರೂ ಅದಾರ!"

ಯುವರಾಜನಿಗೆ ಈಗ ಉಮೇದು ಬಂತು. ಊಟದ ಹೊತ್ತಿನೊಳಗೆ ಎರಡಕ್ಕೂ ಹೊಸ ಅಂಚು ಕೂರಿಸಿದ. ಅಂಟು ಒಣಗುವವರೆಗೆ ಗಂಡಹೆಂಡತಿ ಕಟ್ಟಿಕೊಂಡು ಬಂದ ರೊಟ್ಟಿ ತಿಂದರು. ಆಮೇಲೆ ಅವನು ಎರಡೂ ಪೆಟ್ಟಿಗೆಗಳನ್ನು ಎದುರು ಗೋಡೆಗೆ ನಿಲ್ಲಿಸಿ, ತಂತಿ ಜೋಡಿಸಿ, ತಟ್ಟೆಗೆ ಕೈಹಾಕಿದ.

"ತಡಿ" ಎಂದ ಪಾರೀಸಣ್ಣ. "ಭರತ್ಯಾನ ಕೇಳಬೇಕು."

ಫೋನು ಹಚ್ಚಿದರು. ಆ ಕಡೆ ಪಾತ್ರೆಗಳ ಸದ್ದು, ಆಮೇಲೆ ಭರತೇಶನ ದನಿ. ಪಾರೀಸಣ್ಣ ಫೋನನ್ನು ಬಲಗಿವಿಗೆ ಒತ್ತಿಕೊಂಡ.

"ಭರತ್ಯಾ, ನಾ ಕೊಲ್ಹಾಪುರದಾಗ ಅದೇನಿ. ಯುವರಾಜನ ಅಂಗಡ್ಯಾಗ. ನಿನ್ನ ಪೆಟಗಿ ನನ್ನ ಮುಂದ ಐತಿ. ನನ್ನದೂ ಐತಿ."

ಆ ಕಡೆ ಭರತೇಶ ಯಾರಿಗೋ ಪಾತ್ರೆಯ ಸದ್ದು ನಿಲ್ಲಿಸಲು ಹೇಳಿದ.

"ಇವತ್ತ ಒಂದ ಹಾಡಿನ ಮಟ್ಟಿಗೆ ನಿನ್ನ ಪಾಲು ಕೇಳತೇನಿ. ಕೊಡತೀ ಏನು?"

"ಇಲ್ಲ" ಎಂದ ಭರತೇಶ.

ಪಾರೀಸಣ್ಣ ತಟ್ಟೆ ಕೆಳಗಿಡುವಂತೆ ಯುವರಾಜನಿಗೆ ಸನ್ನೆ ಮಾಡಿದ. ಮೂವತ್ತೊಂದು ವರ್ಷ ತಮ್ಮ ಇಲ್ಲ ಅನ್ನಲಾರ ಎಂದೇ ಕೇಳದೆ ಇದ್ದವನು ಅವನು.

"ಅಣ್ಣಾ, ಕೇಳಾಕತ್ತೀ ಏನ? ನಾ ಬರೂ ತನಕಾ ಹಚ್ಚಬ್ಯಾಡ. ಅಂಗಡಿ ನಮ್ಮ ಮನ್ಯಾಕಿ ಶುಭಾಂಗಿ ಕಡೆ ಕೊಟ್ಟು ಈಗಿಂದೀಗ ಬಸ್ ಹಿಡೀತೇನಿ. ನೀ ಒಬ್ಬನ ಕೇಳಿದ್ರ ನೋಡ ಮತ್ತ, ನಾ ನಿನ್ನ ಜೋಡಿ ಜಗಳಾ ತಗೀತೇನಿ!"

ಎರಡೂವರೆ ತಾಸು ಕಾದರು. ಹೊತ್ತು ಇಳಿಯುವ ಮುಂಚೆ ಭರತೇಶ ಬಂದ, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡು. ಯುವರಾಜ ಎರಡು ಕುರ್ಚಿ ಹಾಕಿದ. ಭರತೇಶ ಅಣ್ಣನ ಕುರ್ಚಿಯನ್ನು ಎಡಕ್ಕೆ ಒಂದು ಮೊಳ ಎಳೆದ. ಅಣ್ಣನ ಎಡಗಿವಿಯ ವಿಷಯ ಅವನಿಗೆ ಹೇಗೆ ಗೊತ್ತೋ. ವೈನಿ, ಅಂದರೆ ಅತ್ತಿಗೆ ಶಾಲನ, ಫೋನಿನಲ್ಲಿ ಎಂದೋ ಹೇಳಿರಬೇಕು.

ಮುಳ್ಳು ಇಳಿಯಿತು. ಮೊದಲು ಮಳೆ ದೂರದಲ್ಲಿರುವಂಥ ಸಣ್ಣ ಚರಚರ. ಆಮೇಲೆ ತಬಲಾ. ಇಷ್ಟು ವರ್ಷ ಪೆಟ್ಟಿಗೆಯೊಳಗೇ ಮುದುಡಿ ಕೂತಿದ್ದ ತಬಲಾ ಈಗ ಎದ್ದು ಬಂದು ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಖಾಲಿ ಗೋಡೆಯ ಮುಂದೆ ಕೂತುಕೊಂಡಿತು. ಕೈಚಾಚಿದರೆ ಸಿಗುವಷ್ಟು ಸ್ಪಷ್ಟ. ಪಾರೀಸಣ್ಣ ಆ ಜಾಗವನ್ನೇ ನೋಡಿದ. ಅದು ದಾದಾಸಾಹೇಬ ಕಾಕಾ ಯಾರಿಗೂ ಕೊಡದೆ ಬಿಟ್ಟ ಜಾಗ.

ಬಲದಿಂದ ಹೆಂಗಸು ಕೇಳಿದಳು. ಇಬ್ಬರೂ ಬಲಕ್ಕೆ ನೋಡಿದರು.

ಎಡದಿಂದ ಗಂಡಸು ಉತ್ತರ ಕೊಟ್ಟ. ಅರವತ್ತು ದಾಟಿದ ಎರಡು ತಲೆಗಳು ಒಟ್ಟಿಗೆ ಎಡಕ್ಕೆ ಹೊರಳಿದವು. ಶಾಲನ ಹಿಂದಿನಿಂದ ನೋಡುತ್ತ, ಈ ಇಬ್ಬರೂ ಚಾಪೆಯ ಮೇಲೆ ಹೀಗೆಯೇ ಕೂರುತ್ತಿದ್ದರು ಎಂದು ಅತ್ತೆ ಹೇಳುತ್ತಿದ್ದದ್ದನ್ನು ನೆನೆದಳು.

ಹಾಡು ಮುಗಿದದ್ದೇ ಜಗಳ ಶುರುವಾಯಿತು.

"ಅಣ್ಣಾ, ಎರಡೂ ನೀನ ತಗೊಂಡು ಹೋಗು."

"ಒಲ್ಲೆ. ನೀ ತಗೊಂಡು ಹೋಗು. ನಮ್ಮ ಗಲ್ಲ್ಯಾಗ ಮಗ್ಗಾ ಬಿಟ್ಟು ಏನ್ ಕೇಳತೈತಿ?"

"ಹಿರ್ಯಾವ ನೀ. ನಾ ಹೆಂಗ ಒಯ್ಯಲಿ?"

"ಹಿಸೆ ಮಾತು ಹಿಸೆ ಮಾತ! ಕಾಕಾ ಹೇಳ್ಯಾನ!"

"ಹಂಗಾದ್ರ ನಾನ ಎರಡೂ ಇಟಗೋತೇನ್ರಿ" ಎಂದ ಯುವರಾಜ. ಇಬ್ಬರೂ ಅವನನ್ನು ದುರುಗುಟ್ಟಿ ನೋಡಿದರು.

ಕೊನೆಗೆ ಶಾಲನ ಚೀಲ ಕೆಳಗಿಟ್ಟಳು. "ಹಿಸೆ ಮುರೀಬ್ಯಾಡ್ರಿ. ನಿಮ್ಮ ಪೆಟಗಿ ನಿಮ್ಮದ, ಭರತೇಶಂದು ಭರತೇಶಂದ. ಪೆಟಗಿ ಹಂಚಿ ಕೊಟ್ಟಾರ, ನಮ್ಮನ್ನೇನ್ ಹಂಚಿಲ್ಲಲಾ? ಭರತೇಶ, ನಿಮ್ಮ ಮಾಳಿಗಿ ಖೋಲಿ ಖಾಲಿ ಐತೇನು?"

"ಐತಿ ವೈನಿ. ಹಿಂದ ಬರೇ ಕಬ್ಬಿನ ಹೊಲಾ. ಗದ್ದಲಿಲ್ಲ ಏನಿಲ್ಲ."

"ಮತ್ತ ಬಾಡಿಗಿ ಮನ್ಯಾಗ ಕೆಲಸಿಲ್ಲದ ಕುಂತು ಇವರೇನು ಮಾಡತಾರ? ನಮ್ಮ ಪೆಟಗಿ ತಗೊಂಡು ನಾವ ಬರತೇವಿ."

ಪಾರೀಸಣ್ಣ ಹೆಂಡತಿಯನ್ನು ನೋಡಿದ. ಹಿಸೆಯ ಒಂದು ಎಳೆಯೂ ಹರಿದಿರಲಿಲ್ಲ. ಅವನು ತನ್ನ ಪೆಟ್ಟಿಗೆಗೆ ರಗ್ಗು ಸುತ್ತತೊಡಗಿದ. ಆ ಸಂಜೆ ಮಾತ್ರ, ನಿಯಮದಂತೆ, ಅವರವರ ಪೆಟ್ಟಿಗೆ ಅವರವರೇ ಮನೆಗೆ ಒಯ್ದರು.

ಸುದ್ದಿ ಕೇಳಿ ಮಗಳು ಹರ್ಷದಾ ಫೋನಿನಲ್ಲಿ, "ಅಪ್ಪಾ, ಭರತೇಶ ಕಾಕಾನ ಮನಿಗೆ ಹೋಗಾಕ ಇಷ್ಟ ವರ್ಷಾ ಬೇಕಾತೇನು?" ಎಂದು ನಕ್ಕಳು.

ಮುಂದಿನ ತಿಂಗಳು ಟೆಂಪೋ ಬಂತು. ಸಾಮಾನು ಹೆಚ್ಚಿರಲಿಲ್ಲ, ಹಂಡೆ, ಹಾಸಿಗೆ, ಎರಡು ಟ್ರಂಕು, ಸ್ಟೀರಿಯೋ ಮಷಿನು. ಪೆಟ್ಟಿಗೆಯನ್ನು ಹಿಂದೆ ಹಾಕಲು ಪಾರೀಸಣ್ಣ ಒಪ್ಪಲಿಲ್ಲ. ಅದು ಮುಂದಿನ ಸೀಟಿನಲ್ಲಿ, ಅವನ ತೊಡೆಯ ಮೇಲೆಯೇ ಬರಬೇಕು. ಖಾಲಿ ಮನೆಗೆ ಕೊನೆಯ ಸಲ ಹೋಗಿ ಬಂದ. ಪೆಟ್ಟಿಗೆ ನಿಂತಿದ್ದ ಕಡೆ ನೆಲದ ಮೇಲೆ ಚೌಕಾದ ಹೊಳಪು ಉಳಿದಿತ್ತು. ಗೋಡೆಗೆ ಅಂಗೈಯಿಟ್ಟು ನೋಡಿದ. ಗೋಡೆ ಎಂದಿನಂತೆ ನೇಯುತ್ತಿತ್ತು.

ಬಾಗಿಲಲ್ಲಿ ಅಕ್ಕವ್ವ ನಿಂತಿದ್ದಳು, ಕೈಯಲ್ಲಿ ಮೊರ.

"ಪಾರೀಸಣ್ಣಾ, ಮದಿವ್ಯಾಗಿ ಬಂದಾಗಿಂದ ಕೇಳಾಕತ್ತೇನಿ. 'ಮಳಿ ನಿಂತೈತಿ, ಬೆಳಕು ಹರದೈತಿ, ಎಲ್ಲಿ ಅದೀ' ಅಂತ ಕೇಳತಾಳ ಆಕಿ. ಆ ಗಂಡಸು ಏನಂತಾನ? ಅದೊಂದ ಹೇಳಿ ಹೋಗ ಮಾರಾಯಾ, ಇಲ್ಲಂದ್ರ ನನಗ ನಿದ್ದಿ ಬರೂದಿಲ್ಲ."

ಪಾರೀಸಣ್ಣ ಚಿಲಕ ಹಾಕಿ, ಬೀಗ ಜಡಿದು, ಮಾಲೀಕರಿಗೆ ಕೊಡಲೆಂದು ಕೀಲಿಯನ್ನು ಅವಳ ಮೊರದಲ್ಲಿಟ್ಟ.

"'ಹಾದ್ಯಾಗ ಅದೇನಿ, ಬಾಗಿಲಾ ತಗಿ' ಅಂತಾನವ್ವಾ."

"ಇಷ್ಟ? ಇಷ್ಟ ಹೇಳಾಕ ಇಷ್ಟ ವರ್ಷಾ?"

ಅವನು ನಕ್ಕು, ಟೆಂಪೋ ಹತ್ತಿ, ಶಾಲನಳ ಕೈಯಿಂದ ಪೆಟ್ಟಿಗೆಯನ್ನು ತೊಡೆಯ ಮೇಲೆ ತೆಗೆದುಕೊಂಡ. ಡ್ರೈವರ್ ಯಾವ ಊರು ಎಂದು ಕೇಳಿದ. ಮಗ್ಗಗಳ ಸದ್ದಿನಲ್ಲಿ ಉತ್ತರ ಕೇಳಿಸಲಿಲ್ಲವೇನೋ, ಪಾರೀಸಣ್ಣ ಗಡಹಿಂಗ್ಲಜ ಎಂದು ಎರಡು ಸಲ ಹೇಳಬೇಕಾಯಿತು.